ಸ್ಪಾಂಜ್‌ಬಾಬ್ ಕಾರ್ಟೂನ್‌ನ ತೆರೆಮರೆಯಲ್ಲಿ ಏನೇನಿದೆ?

ಇದನ್ನು ಹುಟ್ಟುಹಾಕಿದ ಸ್ಟೀಫನ್ ಹಿಲನ್‌ಬರ್ಗ್ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಕಡಲ ಜೀವಿಗಳ ಬಗ್ಗೆ ಪಾಠ ಮಾಡುತ್ತಿದ್ದ ಮೇಷ್ಟ್ರು. 1980ರ ದಶಕದಲ್ಲಿ ಮಕ್ಕಳಿಗೆಂದೇ ಒಂದು ಕಾಮಿಕ್ ಪುಸ್ತಕ ಬರೆದರು. ಅದರಲ್ಲಿ ಕಥೆ ಹೇಳುವವನು ಕಪ್ಪು ಕನ್ನಡಕ ಹಾಕಿದ ಬಾಬ್ ಎಂಬ ಸ್ಪಾಂಜು! ಆಗ ಅವನು ನಿಜವಾದ ಕಡಲ ಸ್ಪಾಂಜಿನ ಥರ ಉಂಡೆಯುಂಡೆಯಾಗಿದ್ದ. ಪಾತ್ರೆ ತೊಳೆಯುವ ಸ್ಪಾಂಜಿನ ಹಾಗೆ ಚೌಕವಾಗಿದ್ದು ಆಮೇಲೆ.

ಹೆಸರಿನದ್ದೂ ಒಂದು ಕಥೆ. ಮೊದಲು ಇಟ್ಟಿದ್ದು ‘ಸ್ಪಾಂಜ್‌ಬಾಯ್’ ಅಂತ. ಆದರೆ ಆ ಹೆಸರಿನಲ್ಲಿ ಆಗಲೇ ನೆಲ ಒರೆಸುವ ಮಾಪ್ ಒಂದಿತ್ತು. ಹಾಗಾಗಿ ಹೆಸರು ಬದಲಾಯಿತು. ಒಳ್ಳೆಯದೇ ಆಯಿತು ಬಿಡಿ. 1999ರ ಮೇ 1ರಂದು ನಿಕಲೋಡಿಯನ್ ಟಿವಿ ಚಾನೆಲ್‌ನಲ್ಲಿ ಮೊದಲ ಕಂತು ಬಂತು.

ಸ್ಪಾಂಜ್‌ಬಾಬ್‌ನ ದನಿ ಟಾಮ್ ಕೆನಿ ಅವರದು. ಅವನು ಸಾಕಿರುವ ಬಸವನಹುಳು ಗ್ಯಾರಿಯ ‘ಮಿಯಾಂವ್’ ಕೂಡ ಅವರದೇ. ಅಂದ್ರೆ ಮನೆಯಲ್ಲಿ ಇಬ್ಬರೂ ಮಾತಾಡುವಾಗ ಒಬ್ಬರೇ ತಮ್ಮ ಜೊತೆ ತಾವೇ ಹರಟುತ್ತಿರುತ್ತಾರೆ! ಡಾಲ್ಫಿನ್ ಥರದ ಆ ನಗುವಿಗೆ ಯಂತ್ರ ಗಿಂತ್ರ ಏನಿಲ್ಲ. ನಗುತ್ತಾ ಗಂಟಲನ್ನು ಬೆರಳಿನಿಂದ ತಟ್ಟುತ್ತಾರೆ, ಅಷ್ಟೇ.

ಇನ್ನು ಸ್ಪಾಂಜ್‌ಬಾಬ್‌ನ ಪಕ್ಕದ ಮನೆಯ ಸ್ಕ್ವಿಡ್‌ವರ್ಡ್ ಹೆಸರು ಕೇಳಿ, ಅವನು ಸ್ಕ್ವಿಡ್ ಎಂಬ ಕಡಲ ಜೀವಿ ಅಂದುಕೊಂಡು ಮೋಸಹೋಗಬೇಡಿ. ಅವನು ಆಕ್ಟೋಪಸ್. ಎಂಟು ಕೈಕಾಲು ಬಿಡಿಸಿದರೆ ಜಾಸ್ತಿ ಭಾರವಾಗಿ ಕಾಣುತ್ತದೆ ಅಂತ ಆರೇ ಇಟ್ಟರು.