ಸಿಸ್ಟರ್‌ಗಳ ನಿಜವಾದ ಬದುಕನ್ನು ತೋರಿಸುವ ಸಿನಿಮಾಗಳು ಯಾವುವು?

ದೆವ್ವದ ಕಥೆ, ಹಾಡು-ತಮಾಷೆ ಬೇಡ, ಕ್ಯಾಥೊಲಿಕ್ ಸಿಸ್ಟರ್‌ಗಳು (ಅಂದರೆ ಕ್ರೈಸ್ತ ಸನ್ಯಾಸಿನಿಯರು) ಆ ದಾರಿ ಹಿಡಿಯುವುದು ಯಾಕೆ, ಒಳಗೆ ಹೇಗೆ ಬದುಕುತ್ತಾರೆ ಅಂತ ತೋರಿಸುವ ಸಿನಿಮಾ ಬೇಕು ಎಂದು ಕೇಳಿದ್ದೀರಿ. ಒಂದೇ ಒಂದು ನೋಡುವಷ್ಟು ಪುರುಸೊತ್ತಿದ್ದರೆ 1959ರ ‘ದಿ ನನ್ಸ್ ಸ್ಟೋರಿ’ ನೋಡಿ.

ಫ್ರೆಡ್ ಝಿನ್ನೆಮನ್ ನಿರ್ದೇಶನ, ಆಡ್ರೆ ಹೆಪ್‌ಬರ್ನ್ ನಾಯಕಿ. ಬೆಲ್ಜಿಯಂನ ಹೆಸರಾಂತ ಸರ್ಜನ್ ಒಬ್ಬರ ಮಗಳು ಕಾನ್ವೆಂಟ್, ಅಂದರೆ ಸಿಸ್ಟರ್‌ಗಳ ಮಠ, ಸೇರಿ ಸಿಸ್ಟರ್ ಲ್ಯೂಕ್ ಆಗುತ್ತಾಳೆ. ಆಫ್ರಿಕಾದ ಕಾಂಗೋದಲ್ಲಿ ನರ್ಸ್ ಆಗಬೇಕು ಅನ್ನುವುದು ಅವಳ ಆಸೆ. ಸಿನಿಮಾಗೆ ಮಾತ್ರ ಕಾಂಗೋ ತಲುಪುವ ಅವಸರವೇ ಇಲ್ಲ. ಕೂದಲು ಕತ್ತರಿಸುವುದು, ರಾತ್ರಿಯ ಮೌನ, ದಿನದ ತಪ್ಪುಗಳನ್ನು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟು ಎಲ್ಲರೆದುರು ಒಪ್ಪಿಕೊಳ್ಳುವುದು, ಗಂಟೆ ಬಾರಿಸಿದರೆ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸುವುದು. ಎಲ್ಲವನ್ನೂ ನಿಧಾನವಾಗಿ ತೋರಿಸುತ್ತಾರೆ.

ಸಿಸ್ಟರ್‌ಗಳು ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ಮೂರು ವ್ರತ ತೆಗೆದುಕೊಳ್ಳುತ್ತಾರೆ. ಹೊರಗಿನವರಾದ ನಮಗೆ ಬ್ರಹ್ಮಚರ್ಯವೇ ಕಷ್ಟದ್ದು ಅನ್ನಿಸುತ್ತೆ, ಅಲ್ವಾ? ಈ ಸಿನಿಮಾ ನೋಡಿದ ಮೇಲೆ ನನಗೆ ವಿಧೇಯತೆಯೇ ಭಯಂಕರ ಅನ್ನಿಸಿತು. ಲ್ಯೂಕ್ ಉಷ್ಣವಲಯದ ಕಾಯಿಲೆಗಳ ಕೋರ್ಸ್‌ನಲ್ಲಿ ಜಾಣೆ. ಇನ್ನೊಬ್ಬ ಸಿಸ್ಟರ್‌ಗೆ ಹೊಟ್ಟೆಕಿಚ್ಚು. ಆಗ ಮದರ್ ಸುಪೀರಿಯರ್ (ಕಾನ್ವೆಂಟಿನ ಮುಖ್ಯಸ್ಥೆ) ಒಂದು ಮಾತು ಹೇಳುತ್ತಾರೆ: ವಿನಯ ಕಲಿಯಬೇಕಾದರೆ ಪರೀಕ್ಷೆಯಲ್ಲಿ ಬೇಕಂತಲೇ ಫೇಲಾಗು! ಅವಳಿಂದ ಅದು ಆಗುವುದಿಲ್ಲ. ಪಾಸಾಗುತ್ತಾಳೆ, ಚೆನ್ನಾಗಿಯೇ. ಆದರೆ ಕಾಂಗೋ ಬದಲು ಮಾನಸಿಕ ಆಸ್ಪತ್ರೆಗೆ ಕಳಿಸುತ್ತಾರೆ. ಇಲ್ಲಿ ಮದರ್ ವಿಲನ್ ಅಲ್ಲ, ಲ್ಯೂಕ್ ಬಂಡಾಯಗಾರ್ತಿಯೂ ಅಲ್ಲ. ಇಬ್ಬರಿಗೂ ದೇವರ ಮೇಲೆ ನಂಬಿಕೆ ಇದೆ. ತಾನು ಒಳ್ಳೆ ನರ್ಸ್ ಅನ್ನುವ ಹೆಮ್ಮೆಯನ್ನೂ ಬಿಟ್ಟುಕೊಡಬೇಕಾ ಅನ್ನುವುದೇ ಜಗಳ. ಕೊನೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ಝಿನ್ನೆಮನ್ ಹಟ ಹಿಡಿದರಂತೆ. ಯಾಕೆ ಅಂತ ನೋಡಿದರೆ ಗೊತ್ತಾಗುತ್ತೆ, ನಾನು ಹೇಳಲ್ಲ.

ಇದು ಕ್ಯಾಥರಿನ್ ಹ್ಯೂಮ್ ಬರೆದ ಕಾದಂಬರಿಯಿಂದ ಬಂದದ್ದು. ಅದರ ಹಿಂದೆ ಮೇರಿ ಲೂಯಿಸ್ ಹಾಬೆಟ್ಸ್ ಎಂಬ ನಿಜವಾದ ನರ್ಸ್ ಇದ್ದರು. ಮುಂದೆ ಇನ್ನೊಂದು ಸಿನಿಮಾದ ಶೂಟಿಂಗ್‌ನಲ್ಲಿ ಹೆಪ್‌ಬರ್ನ್ ಕುದುರೆಯಿಂದ ಬಿದ್ದಾಗ ಆರೈಕೆ ಮಾಡಿದ್ದು ಇದೇ ಹಾಬೆಟ್ಸ್!

ಎರಡನೆಯದು ಪೋಲೆಂಡಿನ ‘ಈಡಾ’ (2013). ಕಪ್ಪು-ಬಿಳುಪು, ಒಂದೂವರೆ ಗಂಟೆಯೂ ಇಲ್ಲ. 1960ರ ದಶಕದ ಕಥೆ. ವ್ರತ ತೆಗೆದುಕೊಳ್ಳುವ ಮುಂಚೆ ಒಮ್ಮೆ ನಿನ್ನ ಚಿಕ್ಕಮ್ಮನನ್ನು ನೋಡಿ ಬಾ ಅಂತ ಹುಡುಗಿಯನ್ನು ಕಳಿಸುತ್ತಾರೆ. ತಾನು ಹುಟ್ಟಿದ್ದು ಯಹೂದಿ ಮನೆಯಲ್ಲಿ ಅಂತ ಅವಳಿಗೆ ಆಗಲೇ ಗೊತ್ತಾಗುವುದು. ಹೊರಗಿನ ಲೋಕ ನೋಡದೆ ಬಿಟ್ಟರೆ ಅದು ತ್ಯಾಗವೇನು ಅಂತ ಚಿಕ್ಕಮ್ಮ ಕೆಣಕುತ್ತಾಳೆ. ಸಿಗರೇಟು, ಹೆಂಡ, ಹಳೆಯ ನೋವು ಎಲ್ಲ ಹೊತ್ತ ಆ ಚಿಕ್ಕಮ್ಮನೇ ನನಗೆ ಜಾಸ್ತಿ ಇಷ್ಟ. ಅತ್ಯುತ್ತಮ ವಿದೇಶಿ ಭಾಷಾ ಚಿತ್ರ ಅಂತ ಆಸ್ಕರ್ ಬಂದಿದೆ.

ನಮ್ಮ ದೇಶದ್ದು ಬೇಕಾದರೆ ‘ದಿ ಫೇಸ್ ಆಫ್ ದಿ ಫೇಸ್‌ಲೆಸ್’ ಇದೆ. ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಸಾಲದ ಸುಳಿಗೆ ಸಿಕ್ಕ ಬಡವರ ಜೊತೆ ನಿಂತಿದ್ದರು. 1995ರಲ್ಲಿ ಅವರನ್ನು ಬಸ್ಸಿನಲ್ಲಿ ಇರಿದು ಕೊಂದರು. ಅವರ ತಂಗಿಯೂ ಸಿಸ್ಟರ್. ಆಕೆ ಜೈಲಿಗೆ ಹೋಗಿ ಕೊಂದವನಿಗೇ ರಾಖಿ ಕಟ್ಟಿದರು. ಸಿನಿಮಾ ಅಲ್ಲಲ್ಲಿ ಪಾಠ ಹೇಳಿದಂತೆ ಅನ್ನಿಸುತ್ತೆ, ಆದರೆ ಕಥೆಯ ತೂಕ ಅದನ್ನು ಕಾಪಾಡುತ್ತೆ.

ಚಿಕ್ಕದು ಸಾಕು ಅಂದರೆ ‘ಗಾಡ್ ಈಸ್ ದ ಬಿಗರ್ ಎಲ್ವಿಸ್’ ಸಾಕ್ಷ್ಯಚಿತ್ರ. ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿ ಜೊತೆ ನಟಿಸಿದ ಡೊಲೊರೆಸ್ ಹಾರ್ಟ್ 1963ರಲ್ಲಿ ಹಾಲಿವುಡ್ ಬಿಟ್ಟು ಅಮೆರಿಕದ ಕನೆಕ್ಟಿಕಟ್‌ನ ಒಂದು ಕಾನ್ವೆಂಟ್ ಸೇರಿದರು; ಅವರ ಬದುಕೇ ಇದರ ಕಥೆ.

‘ಬ್ಲ್ಯಾಕ್ ನಾರ್ಸಿಸಸ್’ ನೋಡಿ ಅಂತ ಯಾರಾದರೂ ಖಂಡಿತ ಹೇಳುತ್ತಾರೆ. ಕಣ್ಣಿಗೆ ಹಬ್ಬ, ನಿಜ. ಆದರೆ ಅದರ ಸಿಸ್ಟರ್‌ಗಳು ಕ್ಯಾಥೊಲಿಕ್ ಅಲ್ಲ, ಇಂಗ್ಲೆಂಡಿನ ಆಂಗ್ಲಿಕನ್ ಪಂಥದವರು, ಕಥೆ ನಡೆಯುವ ಹಿಮಾಲಯವನ್ನು ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಕಟ್ಟಿದ್ದು. ನೀವು ಕೇಳಿದ್ದಕ್ಕೆ ಅದು ಸರಿಹೊಂದಲ್ಲ. ಬಿಡುವಿದ್ದಾಗ ಸುಮ್ನೆ ನೋಡಿ.