ಪುಸ್ತಕದ ಸಂಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧ ಓದುವ ಅಭ್ಯಾಸದ ಬಗ್ಗೆ, ಇನ್ನರ್ಧ ಪುಸ್ತಕಗಳನ್ನು ಕಾಪಾಡಿಕೊಳ್ಳುವ ಬಗ್ಗೆ ಇವೆ. ಎರಡನ್ನೂ ಬೆರೆಸಿಯೇ ಉತ್ತರಿಸಿದ್ದೇವೆ.

ಪ್ರಶ್ನೆ: ಮೊದಲೆಲ್ಲ ಗಂಟೆಗಟ್ಟಲೆ ಓದುತ್ತಿದ್ದೆ. ಈಗ ಎರಡು ಪುಟ ಮುಗಿಯುವಷ್ಟರಲ್ಲಿ ಕೈ ಫೋನಿಗೆ ಹೋಗುತ್ತದೆ. ಹಳೆಯ ಅಭ್ಯಾಸ ಮತ್ತೆ ಬರುತ್ತದೆಯೇ?

ಖಂಡಿತ ಬರುತ್ತದೆ. ಆದರೆ ದಿನಕ್ಕೆ ಒಂದು ಗಂಟೆ ಓದುತ್ತೇನೆಂದು ಹಟ ಹಿಡಿದು ಕೂತರೆ ನಾಲ್ಕನೆಯ ದಿನಕ್ಕೆ ಬಿಟ್ಟುಹೋಗುತ್ತದೆ. ಹದಿನೈದು ನಿಮಿಷದಿಂದ ಶುರುಮಾಡಿ. ದಿನವೂ ಅದೇ ಹೊತ್ತು, ಅದೇ ಜಾಗ ಇರಲಿ. ಫೋನನ್ನು ಬೋರಲು ಹಾಕಿದರೆ ಸಾಲದು, ಬೇರೆ ಕೋಣೆಯಲ್ಲಿಡಿ. ಹೊತ್ತು ನೋಡುವುದಕ್ಕೂ ಫೋನ್ ಬೇಡ, ಗಡಿಯಾರ ಇಟ್ಟುಕೊಳ್ಳಿ. ಹೆಚ್ಚಿನವರು ಜಾರುವುದು ಅರ್ಥವಾಗದ ಒಂದು ಪದದ ಹತ್ತಿರ. ನಿಘಂಟು ನೋಡೋಣವೆಂದು ಫೋನ್ ತೆಗೆದವರು ಅರ್ಧ ಗಂಟೆ ಪುಸ್ತಕಕ್ಕೆ ಮರಳುವುದಿಲ್ಲ. ಪಕ್ಕದಲ್ಲೊಂದು ಚೀಟಿ ಮತ್ತು ಪೆನ್ಸಿಲ್ ಇರಲಿ. ಪದವನ್ನೂ ಪುಟಸಂಖ್ಯೆಯನ್ನೂ ಬರೆದುಕೊಂಡು ಮುಂದೆ ಹೋಗಿ, ಅರ್ಥ ಆಮೇಲೆ ನೋಡಿದರಾಯಿತು.

ಮೊದಲ ಕೆಲವು ನಿಮಿಷ ಮನಸ್ಸು ಕೂರುವುದಿಲ್ಲ, ಓದಿದ ಸಾಲೇ ಮತ್ತೆ ಕಣ್ಣಿಗೆ ಬೀಳುತ್ತದೆ. ಅದು ಎಲ್ಲರಿಗೂ ಆಗುತ್ತದೆ, ಅಲ್ಲೇ ಎದ್ದುಬಿಡಬೇಡಿ. ಎಷ್ಟೋ ವರ್ಷದಿಂದ ಮುಂದೂಡಿದ ದಪ್ಪ ಕಾದಂಬರಿಗೆ ಈಗಲೇ ಕೈ ಹಾಕುವುದೂ ಬೇಡ. ಒಂದೇ ಸಲ ಕೂತು ಮುಗಿಸಬಹುದಾದ ಎಂಟು–ಹತ್ತು ಪುಟದ ಕಥೆ ಅಥವಾ ಪ್ರಬಂಧ ಸಾಕು. ಕಾದಂಬರಿಯೇ ಬೇಕೆಂದಾದರೆ ಅಧ್ಯಾಯದ ಕೊನೆಯಲ್ಲಿ ನಿಲ್ಲಿಸದೆ ಮುಂದಿನದರ ಅರ್ಧ ಪುಟ ಓದಿ ಪುಸ್ತಕ ಮುಚ್ಚಿ. ನಾಳೆ ಮತ್ತೆ ಹಿಡಿಯುವುದು ಸುಲಭವಾಗುತ್ತದೆ.

ಒಂದು ಲೆಕ್ಕವನ್ನೂ ಮಾಡಿ. ನಿಮ್ಮ ಮಾಮೂಲಿ ವೇಗದಲ್ಲಿ ಹತ್ತು ನಿಮಿಷಕ್ಕೆ ಎಷ್ಟು ಪುಟವಾಗುತ್ತದೆ ನೋಡಿ. ಆರು ಪುಟವಾದರೆ ಹದಿನೈದು ನಿಮಿಷಕ್ಕೆ ಒಂಬತ್ತು. 240 ಪುಟದ ಪುಸ್ತಕ 27 ದಿನಕ್ಕೆ ಮುಗಿಯುತ್ತದೆ. ವರ್ಷಕ್ಕೆ ಹದಿಮೂರು ಪುಸ್ತಕ! ಬಹಳ ಜನಕ್ಕೆ ಈ ಲೆಕ್ಕವೇ ಧೈರ್ಯ ಕೊಡುತ್ತದೆ.

ಪ್ರಶ್ನೆ: ಓದಿದ್ದು ತಿಂಗಳಲ್ಲೇ ಮರೆತುಹೋಗುತ್ತದೆ. ಮತ್ತೆ ಮತ್ತೆ ಓದಬೇಕೆ?

ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿಸಿಕೊಳ್ಳುವುದು ಹೆಚ್ಚು ಕೆಲಸ ಮಾಡುತ್ತದೆ. ಮರೆವು ಮೊದಲ ಒಂದೆರಡು ದಿನ ಬಹಳ ವೇಗವಾಗಿ ನಡೆದು ಆಮೇಲೆ ನಿಧಾನವಾಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ. ಎರಡನೆಯ ಸಲ ಓದುವಾಗ ಎಲ್ಲವೂ ಪರಿಚಿತವೆನಿಸುವುದರಿಂದ ಗೊತ್ತಿದೆ ಅಂದುಕೊಳ್ಳುತ್ತೇವೆ. ಪುಸ್ತಕ ಮುಚ್ಚಿ ಹೇಳಲು ಹೋದಾಗಲೇ ಎಷ್ಟು ಉಳಿದಿದೆ ಎನ್ನುವುದು ಗೊತ್ತಾಗುವುದು.

ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ ನಾಲ್ಕೈದು ಸಾಲು ಬರೆಯಿರಿ. ಯಾರು, ಏನು, ಏಕೆ, ಎಲ್ಲಿ ನನಗೆ ಒಪ್ಪಿಗೆಯಾಗಲಿಲ್ಲ, ಇಷ್ಟೇ. ಬರೆದ ಮೇಲೆ ತೆರೆದು ಸರಿನೋಡಿ. ಮರುದಿನ ಹೊಸ ಅಧ್ಯಾಯ ಶುರುಮಾಡುವ ಮೊದಲು ಅದನ್ನೇ ಒಂದು ನಿಮಿಷ ಬಾಯಲ್ಲಿ ಹೇಳಿಕೊಳ್ಳಿ. ವಾರ ಕಳೆದು ಇನ್ನೊಮ್ಮೆ. ಪುಸ್ತಕದ ಸಾಲುಗಳನ್ನೇ ಎತ್ತಿ ಬರೆಯುತ್ತಾ ಹೋದರೆ ನೋಟ್‌ಬುಕ್ ತುಂಬುತ್ತದೆ, ತಲೆಯಲ್ಲಿ ಅಷ್ಟೇನೂ ನಿಲ್ಲುವುದಿಲ್ಲ. ತೀರಾ ಹಿಡಿಸಿದ ಒಂದೆರಡು ಸಾಲಿಗಷ್ಟೇ ಆ ಮರ್ಯಾದೆ ಇರಲಿ.

ಕಥೆ, ಕವಿತೆಗಳಿಗೆ ಈ ಶಿಸ್ತು ಬೇಕಿಲ್ಲ. ಪಾತ್ರದ ಹೆಸರು ಮರೆತರೂ ಓದಿದಾಗ ಆದದ್ದು ಎಲ್ಲಿಗೂ ಹೋಗಿರುವುದಿಲ್ಲ.

ಪ್ರಶ್ನೆ: ನಿಮಿಷಕ್ಕೆ ಸಾವಿರ ಪದ ಓದಿಸುತ್ತೇವೆ ಎನ್ನುವ ವೇಗದ ಓದಿನ ತರಬೇತಿ ನಿಜವೇ?

ಅರ್ಥ ಕಳೆದುಕೊಳ್ಳದೆ ಆ ವೇಗ ಸಾಧ್ಯವಿಲ್ಲ. ಕಣ್ಣು ಸಾಲಿನ ಮೇಲೆ ಜಾರುತ್ತಾ ಹೋಗುವುದಿಲ್ಲ, ಜಿಗಿದು ನಿಲ್ಲುತ್ತದೆ. ಪ್ರತಿ ನಿಲುಗಡೆಗೆ ಸುಮಾರು ಕಾಲು ಸೆಕೆಂಡು. ನಿಂತಲ್ಲಿ ನಿಚ್ಚಳವಾಗಿ ಕಾಣುವುದು ಕೆಲವೇ ಅಕ್ಷರ, ಅದರಾಚೆ ಎಲ್ಲ ಮಸುಕು. ಹತ್ತರಲ್ಲಿ ಒಂದು ಜಿಗಿತವಾದರೂ ಹಿಂದಕ್ಕಿರುತ್ತದೆ, ಏಕೆಂದರೆ ಅರ್ಥ ಕೂಡದಿದ್ದಾಗ ಕಣ್ಣು ತಾನಾಗಿ ಮರಳುತ್ತದೆ. ಹಿಂದೆ ನೋಡಬೇಡಿ, ಮನಸ್ಸಿನೊಳಗೆ ಉಚ್ಚರಿಸಬೇಡಿ ಎಂದು ಕಲಿಸುವವರು ಅರ್ಥವಾಗುವ ದಾರಿಯನ್ನೇ ಮುಚ್ಚುತ್ತಾರೆ.

ಕನ್ನಡದ ಓದಿಗೆ ಇಂಗ್ಲಿಷಿನ ಪದಲೆಕ್ಕವನ್ನು ಹೊಂದಿಸಲೂ ಬೇಡಿ. ಇಂಗ್ಲಿಷ್ ಓದುವ ವಯಸ್ಕರ ಸರಾಸರಿ ನಿಮಿಷಕ್ಕೆ ಸುಮಾರು 240 ಪದ. ನಮ್ಮ ‘ಮನೆಯಲ್ಲಿದ್ದವರಿಗೂ’ ಒಂದೇ ಪದ, ಇಂಗ್ಲಿಷಿನಲ್ಲಿ ಅದನ್ನೇ ಹೇಳಲು ಏಳೆಂಟು ಬೇಕು. ನಿಮ್ಮ ಸಂಖ್ಯೆ ಕಡಿಮೆ ಬಂದರೆ ನೀವು ನಿಧಾನ ಎಂದು ಅರ್ಥವಲ್ಲ. ವೇಗ ಹೆಚ್ಚಿಸುವ ದಾರಿ ಒಂದೇ: ಆ ವಿಷಯದಲ್ಲಿ ಹೆಚ್ಚು ಓದುವುದು. ಪದಗಳೂ ಹಿನ್ನೆಲೆಯೂ ಗೊತ್ತಿದ್ದಷ್ಟೂ ಕಣ್ಣು ನಿಲ್ಲುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಪುಸ್ತಕದಲ್ಲಿ ಗೆರೆ ಎಳೆಯುವುದು ತಪ್ಪೇ?

ಗ್ರಂಥಾಲಯದ ಪುಸ್ತಕದಲ್ಲಿ, ಎರವಲು ತಂದದ್ದರಲ್ಲಿ ತಪ್ಪು. ನಿಮ್ಮದೇ ಪುಸ್ತಕವಾದರೆ ಧಾರಾಳವಾಗಿ ಎಳೆಯಿರಿ, ಪೆನ್ಸಿಲಿನಲ್ಲಿ. ಎಚ್‌ಬಿ ಅಥವಾ ಬಿ ಸಾಕು. ತೀರಾ ಗಟ್ಟಿ ಮೊನೆ ಹಾಳೆಯಲ್ಲಿ ಕೊರೆದ ಗುರುತು ಬಿಡುತ್ತದೆ, ತೀರಾ ಮೆತ್ತನೆಯದು ಎದುರು ಪುಟಕ್ಕೆ ಮಸಿ ಮೆತ್ತುತ್ತದೆ. ಹೈಲೈಟರ್ ಬೇಡ. ತೆಳು ಹಾಳೆಯಲ್ಲಿ ಅದು ಹಿಂದಿನ ಪುಟಕ್ಕೂ ಇಳಿಯುತ್ತದೆ, ಕಾಲ ಕಳೆದಂತೆ ಬಣ್ಣ ಮಾಸಿ ಕಲೆಯಷ್ಟೇ ಉಳಿಯುತ್ತದೆ. ಅಂಟುಚೀಟಿಗಳನ್ನು ಓದುವಾಗ ಹಚ್ಚಿ, ಓದು ಮುಗಿದ ಮೇಲೆ ಕಿತ್ತುಬಿಡಿ. ವರ್ಷಗಟ್ಟಲೆ ಬಿಟ್ಟರೆ ಅಂಟು ಹಾಳೆಗೆ ಹತ್ತಿ ಧೂಳು ಹಿಡಿಯುತ್ತದೆ.

ಪುಟವಿಡೀ ಗೆರೆ ಎಳೆದರೆ ಯಾವುದು ಮುಖ್ಯ ಎನ್ನುವುದೇ ಕಾಣುವುದಿಲ್ಲ. ಪ್ಯಾರಾದ ಪಕ್ಕದ ಅಂಚಿನಲ್ಲಿ ಒಂದು ನೆಟ್ಟಗೆರೆ ಸಾಕು. ಅದಕ್ಕಿಂತ ಒಳ್ಳೆಯದು ಕೊನೆಯ ಖಾಲಿ ಹಾಳೆಯಲ್ಲಿ ನಿಮ್ಮದೇ ಸೂಚಿ ಮಾಡಿಕೊಳ್ಳುವುದು: ‘47 ತಾಯಿಯ ಪತ್ರ’, ‘112 ಬರಗಾಲದ ವರ್ಣನೆ’, ಹೀಗೆ ಪುಟಸಂಖ್ಯೆ ಮತ್ತು ಎರಡು–ಮೂರು ಪದ. ಐದು ವರ್ಷದ ನಂತರ ಪುಸ್ತಕ ಕೈಗೆತ್ತಿಕೊಂಡಾಗ ಇದರ ಬೆಲೆ ತಿಳಿಯುತ್ತದೆ.

ಪ್ರಶ್ನೆ: ಹಿಡಿಸದ ಪುಸ್ತಕವನ್ನು ಅರ್ಧಕ್ಕೆ ಬಿಡಬಹುದೇ?

ಬಿಡಬಹುದು, ಬಿಡಬೇಕು. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಒಂದು ಅಳತೆ ಹೇಳುತ್ತಾರೆ: ಐವತ್ತು ಪುಟ ಓದಿ ನೋಡಿ. ವಯಸ್ಸು ಐವತ್ತು ದಾಟಿದ್ದರೆ ನೂರರಲ್ಲಿ ವಯಸ್ಸು ಕಳೆದು ಉಳಿದಷ್ಟು ಪುಟ. ಎಪ್ಪತ್ತರವರಿಗೆ ಮೂವತ್ತೇ ಪುಟ. ನಿಲ್ಲಿಸಿದ ಪುಟದಲ್ಲಿ ಚೀಟಿ ಇಟ್ಟು ತಾರೀಕು ಬರೆದಿಡಿ, ಕೆಲವು ಪುಸ್ತಕಗಳಿಗೆ ನಾವು ತಯಾರಾಗುವುದು ತಡವಾಗಿ. ಇದೇ ಓದುಗರು ಓದದ ಪುಸ್ತಕಗಳ ರಾಶಿಯ ಬಗ್ಗೆಯೂ ಕೇಳಿದ್ದಾರೆ. ಕೊಂಡು ಓದದೆ ಪೇರಿಸಿಡುವುದಕ್ಕೆ ಜಪಾನೀ ಭಾಷೆಯಲ್ಲಿ ‘ತ್ಸುಂದೊಕು’ ಎಂಬ ಪದವೇ ಇದೆ. ಆ ರಾಶಿಯಿಂದ ಐದು ಪುಸ್ತಕ ಆರಿಸಿ ಕಣ್ಣಿಗೆ ಬೀಳುವಲ್ಲಿಡಿ, ಉಳಿದದ್ದು ಕಪಾಟಿಗೆ ಹೋಗಲಿ. ಐದರಲ್ಲಿ ಒಂದು ಮುಗಿದಾಗ ಇನ್ನೊಂದು ಹೊರಬರಲಿ.

ಪ್ರಶ್ನೆ: ಕಪಾಟಿನ ಪುಸ್ತಕಗಳು ಹಳದಿಯಾಗಿವೆ, ಬೆಳ್ಳಗೆ ಹೊಳೆಯುವ ಹುಳುವೂ ಓಡಾಡುತ್ತದೆ. ಏನು ಮಾಡಬೇಕು?

ಹಳದಿಯಾಗುವುದು ಕಾಗದದ ಹುಟ್ಟುಗುಣ. ಅಗ್ಗದ ಕಾಗದದಲ್ಲಿ ಮರವನ್ನು ಗಟ್ಟಿಯಾಗಿಡುವ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ, ಬೆಳಕು ಮತ್ತು ಗಾಳಿ ತಗುಲಿದಂತೆ ಅದು ಕಂದುತ್ತದೆ. ಜತೆಗೆ ಕಾಗದದಲ್ಲಿ ಆಮ್ಲವಿದ್ದರೆ ನಾರು ತುಂಡಾಗುತ್ತಾ ಹೋಗಿ, ಮಡಚಿದ ಮೂಲೆ ಬೆರಳಿಗೇ ಮುರಿದು ಬರುತ್ತದೆ. ತಿರುಗಿ ಬೆಳ್ಳಗೆ ಮಾಡಲು ಹೋಗಬೇಡಿ, ನಿಧಾನವಾಗಿಸುವುದಷ್ಟೇ ನಮ್ಮ ಕೈಯಲ್ಲಿರುವುದು. ಬಿಸಿಲು ಬೀಳುವ ಜಾಗದಿಂದ ಕಪಾಟು ಸರಿಸಿ. ಪುಸ್ತಕದೊಳಗೆ ಪತ್ರಿಕೆಯ ತುಣುಕು ಇಟ್ಟಿದ್ದರೆ ತೆಗೆಯಿರಿ. ಅದರ ಆಮ್ಲ ಎದುರಿನ ಎರಡೂ ಪುಟದಲ್ಲಿ ತುಣುಕಿನ ಆಕಾರದ್ದೇ ಕಂದು ಕಲೆ ಮೂಡಿಸುತ್ತದೆ.

ಹುಳು ಸಿಲ್ವರ್‌ಫಿಶ್. ರೆಕ್ಕೆಯಿಲ್ಲ, ಬಾಲದಲ್ಲಿ ಮೂರು ಎಳೆ. ಅದು ತಿನ್ನುವುದು ಬೈಂಡಿಂಗಿನ ಅಂಟಿನಲ್ಲಿರುವ ಪಿಷ್ಟ ಮತ್ತು ಕಾಗದದ ಮೇಲ್ಪದರ. ಅದಕ್ಕೆ ತೇವ ಬೇಕು, ಕತ್ತಲೆ ಬೇಕು. ಹಾಗಾಗಿ ಮದ್ದಿಗಿಂತ ಮೊದಲು ತೇವ ತಗ್ಗಿಸಿ. ಕಪಾಟನ್ನು ಗೋಡೆಯಿಂದ ಐದು ಸೆಂಟಿಮೀಟರಾದರೂ ಮುಂದೆ ತನ್ನಿ. ಸಾಧ್ಯವಾದರೆ ಒಂದು ಸಣ್ಣ ಆರ್ದ್ರತಾಮಾಪಕ ಇಡಿ. ಗಾಳಿಯ ತೇವಾಂಶ ಶೇ 35ರಿಂದ 55ರೊಳಗಿದ್ದರೆ ಒಳ್ಳೆಯದು. ಶೇ 65 ದಾಟಿ ಅಲ್ಲೇ ನಿಂತರೆ ಬೂಷ್ಟು ಬರುತ್ತದೆ. ಪುಟದ ಮೇಲೆ ಸಾಸಿವೆಗಿಂತ ಚಿಕ್ಕ, ಮಾಸಲು ಬಣ್ಣದ ನುಸಿ ಕಂಡರೆ ಅದು ಬೂಷ್ಟನ್ನೇ ತಿಂದು ಬದುಕುವ ಜೀವಿ, ತೇವ ಹೆಚ್ಚಿದೆ ಎನ್ನುವುದಕ್ಕೆ ಸಾಕ್ಷಿ.

ಹುಳು ಹಿಡಿದ ಪುಸ್ತಕವನ್ನು ಪಾಲಿಥಿನ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಿಗಿಯಾಗಿ ಮುಚ್ಚಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹುಳುವೂ ಮೊಟ್ಟೆಯೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಹನಿಯಾಗಿ ಪುಸ್ತಕದ ಮೇಲೆಯೇ ಕೂರುತ್ತದೆ. ನುಸಿಗುಳಿಗೆಯ ಮೊರೆ ಹೋಗಬೇಡಿ. ಅದರ ಆವಿ ಓದುವವರ ಆರೋಗ್ಯಕ್ಕೆ ಒಳ್ಳೆಯದಲ್ಲ, ವಾಸನೆ ಪುಸ್ತಕ ಬಿಟ್ಟು ಹೋಗುವುದೂ ಇಲ್ಲ.

ಇನ್ನೊಂದು ಮಾತು, ಕೇಳದಿದ್ದರೂ ಹೇಳಬೇಕು. ಪುಸ್ತಕ ತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಹಾಕಿ ಎಳೆಯುತ್ತೇವೆ. ಮೊದಲು ಹರಿಯುವುದೇ ಆ ತುದಿ. ಎರಡೂ ಪಕ್ಕದ ಪುಸ್ತಕಗಳನ್ನು ಸ್ವಲ್ಪ ಒಳಕ್ಕೆ ತಳ್ಳಿ, ಬೇಕಾದದ್ದನ್ನು ಬೆನ್ನಿನ ನಡುವೆ ಹಿಡಿದು ತೆಗೆಯಿರಿ.

ಪ್ರಶ್ನೆ: ನೀರು ಬಿದ್ದು ಪುಸ್ತಕಗಳು ನೆನೆದಿವೆ. ಬಿಸಿಲಿಗೆ ಹಾಕಲೇ?

ಬೇಡ. ಬಿಸಿಲಿನಲ್ಲಿ ಹೊರಮೈ ಬೇಗ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ರಟ್ಟು ದೋಣಿಯಂತೆ ಬಾಗುತ್ತದೆ. ಇಸ್ತ್ರಿಪೆಟ್ಟಿಗೆ, ಹೇರ್‌ಡ್ರೈಯರ್ ಕೂಡ ಬೇಡ. ನಿಮಗಿರುವ ಗಡುವು 48 ಗಂಟೆ. ಅಷ್ಟರೊಳಗೆ ಬೂಷ್ಟು ಶುರುವಾಗಬಹುದು.

ಪೂರ್ತಿ ನೆನೆದ ಪುಸ್ತಕವನ್ನು ತೆರೆಯಲು ಹೋಗಬೇಡಿ, ಒದ್ದೆ ಹಾಳೆ ಬೆರಳಿಗೇ ಹರಿಯುತ್ತದೆ. ಹೀರುವ ಕಾಗದ ಅಥವಾ ದಪ್ಪ ಟವೆಲಿನ ಮೇಲೆ ನೆಟ್ಟಗೆ ನಿಲ್ಲಿಸಿ ನೀರು ಬಸಿಯಲು ಬಿಡಿ. ಕೆಳಗಿನದು ಒದ್ದೆಯಾದಂತೆ ಬದಲಾಯಿಸುತ್ತಾ, ಪ್ರತಿ ಸಲ ಪುಸ್ತಕವನ್ನು ತಲೆಕೆಳಗು ಮಾಡಿ. ನೀರು ತೊಟ್ಟಿಕ್ಕುವುದು ನಿಂತ ಮೇಲೆ ಇಪ್ಪತ್ತು–ಇಪ್ಪತ್ತೈದು ಹಾಳೆಗೊಂದರಂತೆ ಅಚ್ಚಿಲ್ಲದ ಹೀರುವ ಕಾಗದ ಸೇರಿಸಿ. ಅದಕ್ಕಿಂತ ಹೆಚ್ಚು ತುರುಕಿದರೆ ಹೊಲಿಗೆ ಬಿರಿಯುತ್ತದೆ. ಸುದ್ದಿಪತ್ರಿಕೆಯ ಹಾಳೆ ಹಾಕಿದರೆ ಮಸಿ ಇಳಿಯುತ್ತದೆ. ಎರಡು–ಮೂರು ಗಂಟೆಗೊಮ್ಮೆ ಕಾಗದ ಬದಲಿಸಿ. ಫ್ಯಾನ್ ಇರಲಿ, ಆದರೆ ನೇರವಾಗಿ ಪುಸ್ತಕದ ಮೇಲೆ ಬೀಸದಿರಲಿ. ಅರ್ಧ ಒಣಗಿದಾಗ ಬೀಸಣಿಗೆಯಂತೆ ಬಿಡಿಸಿ ನಿಲ್ಲಿಸಬಹುದು.

ಒಣಗಿದೆಯೇ ಎಂದು ತಿಳಿಯಲು ಪುಟಗಳ ನಡುವೆ, ಬೆನ್ನಿನ ಹತ್ತಿರಕ್ಕೆ ಅಂಗೈ ಇಟ್ಟು ನೋಡಿ. ಮುಟ್ಟಿದರೆ ತಣ್ಣಗಿದ್ದರೆ ಒಳಗಿನ್ನೂ ತೇವವಿದೆ. ತೀರಾ ಸ್ವಲ್ಪವೇ ತಣ್ಣಗಿರುವಾಗ ಮುಚ್ಚಿ, ಮಲಗಿಸಿ, ಮೇಲೊಂದು ಹಲಗೆ, ಅದರ ಮೇಲೆ ಭಾರ ಇಡಿ. ಅಲೆಯಲೆಯಾದ ಹಾಳೆ ಬಹುಮಟ್ಟಿಗೆ ನೇರವಾಗುವುದು ಈ ಘಟ್ಟದಲ್ಲೇ.

ಚಿತ್ರಗಳಿರುವ ನುಣುಪು ಕಾಗದದ ಪುಸ್ತಕಕ್ಕೆ ಕಾಯುವಷ್ಟು ಹೊತ್ತಿಲ್ಲ. ಮುಚ್ಚಿಯೇ ಒಣಗಿದರೆ ಅದರ ಹಾಳೆಗಳು ಇಟ್ಟಿಗೆಯಂತೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಆಮೇಲೆ ಬಿಡಿಸಲಾಗದು. ಒದ್ದೆಯಿರುವಾಗಲೇ ಪ್ರತಿ ಹಾಳೆಯ ನಡುವೆ ಕಾಗದ ಸೇರಿಸಬೇಕು. ಒಂದೇ ಸಲಕ್ಕೆ ಹತ್ತಾರು ಪುಸ್ತಕ ನೆನೆದಿದ್ದರೆ ಬಟರ್ ಪೇಪರಿನಲ್ಲಿ ಸುತ್ತಿ, ಚೀಲದಲ್ಲಿ ಹಾಕಿ ಫ್ರೀಜರಿಗೆ ಸೇರಿಸಿ. ಅಲ್ಲಿ ಬೂಷ್ಟು ಬೆಳೆಯುವುದಿಲ್ಲ. ಬಿಡುವಾದಂತೆ ಒಂದೊಂದೇ ಹೊರತೆಗೆದು ಒಣಗಿಸಬಹುದು.

ಬೂಷ್ಟು ಬಂದೇಬಿಟ್ಟಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ನಾರಿನೊಳಕ್ಕೆ ಇಳಿಯುತ್ತದೆ. ಚೆನ್ನಾಗಿ ಒಣಗಿ ಪುಡಿಯಂತಾದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಕುಂಚದಿಂದ ಕೊಡವಿ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಲೇಬೇಡಿ. ಕೆಲವೇ ವರ್ಷದಲ್ಲಿ ಪಟ್ಟಿ ಉದುರಿ, ಅಂಟು ಕಂದು ಕಲೆಯಾಗಿ ಉಳಿಯುತ್ತದೆ. ತೆಳು ಜಪಾನೀ ಟಿಶ್ಯೂ ಕಾಗದ ಮತ್ತು ಪಿಷ್ಟದ ಅಂಟು ಒಳ್ಳೆಯದು, ಮುಂದೆ ಬೇಕೆಂದರೆ ತೇವ ಮಾಡಿ ಬಿಡಿಸಲೂಬಹುದು.

ಪ್ರಶ್ನೆ: ಹಳೆಯ ಪುಸ್ತಕದ ಆ ಪರಿಮಳ ಎಲ್ಲಿಂದ ಬರುತ್ತದೆ?

ಕಾಗದದ ನಾರಾದ ಸೆಲ್ಯುಲೋಸ್ ಮತ್ತು ಲಿಗ್ನಿನ್ ನಿಧಾನವಾಗಿ ಒಡೆಯುವಾಗ ಹೊರಬೀಳುವ ಆವಿಗಳಿಂದ. ಅವುಗಳಲ್ಲಿ ವೆನಿಲಾದ ಘಮ ಕೊಡುವ ವೆನಿಲಿನ್ ಕೂಡ ಒಂದು. ಮಣ್ಣುಮಣ್ಣಾದ ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು, ಆ ಪುಸ್ತಕವನ್ನು ಉಳಿದವುಗಳಿಂದ ಬೇರೆ ಇಡಿ.

ಪ್ರಶ್ನೆ: ನಾಲ್ಕು ವರ್ಷದ ಮಗು ದಿನವೂ ಅದೇ ಪುಸ್ತಕ ಓದಿಸುತ್ತದೆ. ಬೇರೆಯದಕ್ಕೆ ಒಗ್ಗಿಸಬೇಕೆ?

ಓದಿ, ನೂರನೆಯ ಸಲವಾದರೂ ಓದಿ. ಮೊದಲ ಸಲ ಮಗು ಹಿಡಿಯುವುದು ಕಥೆಯನ್ನು. ಆಮೇಲೆ ಪದಗಳು, ವಾಕ್ಯದ ಓಟ, ಚಿತ್ರದ ಮೂಲೆಯಲ್ಲಿರುವ ಬೆಕ್ಕು ಎಲ್ಲ ಒಂದೊಂದಾಗಿ ಕಾಣುತ್ತವೆ. ಆಗಾಗ ಸಾಲಿನ ಕೊನೆಯ ಪದ ಹೇಳದೆ ನಿಲ್ಲಿಸಿ, ಮಗುವೇ ತುಂಬಲಿ. ಬೆರಳನ್ನು ಅಕ್ಷರದ ಕೆಳಗೆ ಓಡಿಸಿ. ಓದಿದ ಮೇಲೆ ಪರೀಕ್ಷೆಯಂತೆ ಪ್ರಶ್ನೆ ಕೇಳಬೇಡಿ, ಪುಸ್ತಕವೆಂದರೆ ಉತ್ತರ ಹೇಳಬೇಕಾದ ಜಾಗ ಎಂದಾಗಿಬಿಡುತ್ತದೆ. ಹೊಸ ಪುಸ್ತಕವನ್ನು ಕೈಗೆಟುಕುವ ಎತ್ತರದಲ್ಲಿ, ಮುಖಪುಟ ಕಾಣುವಂತೆ ಇಟ್ಟು ಸುಮ್ಮನಿರಿ. ಮಗು ಸ್ವಂತವಾಗಿ ಓದಲು ಕಲಿತ ಮೇಲೂ ಜೋರಾಗಿ ಓದಿ ಹೇಳುವುದನ್ನು ನಿಲ್ಲಿಸಬೇಡಿ. ಅದಕ್ಕೆ ಕೇಳಿ ಅರ್ಥವಾಗುವಷ್ಟು ಇನ್ನೂ ಕೆಲವು ವರ್ಷ ಓದಿ ಅರ್ಥವಾಗುವುದಿಲ್ಲ.

ಪ್ರಶ್ನೆ: ಕೊಟ್ಟ ಪುಸ್ತಕ ಮರಳಿ ಬರುವುದಿಲ್ಲ. ಕೊಡುವುದನ್ನೇ ನಿಲ್ಲಿಸಲೇ?

ನಿಲ್ಲಿಸಬೇಡಿ. 1931ರಲ್ಲಿ ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಗ್ರಂಥಾಲಯಗಳಿಗೆ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕವಿರುವುದು ಬಳಕೆಗೆ ಎಂಬುದು. ಬಹುಪಾಲು ಜನ ಮರೆತು ಇಟ್ಟುಕೊಂಡಿರುತ್ತಾರೆ, ಕದ್ದಿರುವುದಿಲ್ಲ. ಒಂದು ಸಣ್ಣ ವಹಿಯಲ್ಲಿ ಪುಸ್ತಕ, ಪಡೆದವರು, ತಾರೀಕು ಬರೆದಿಡಿ, ಅದನ್ನು ಅವರೆದುರೇ ಬರೆಯಿರಿ. ಆರು ವಾರದ ನಂತರ ಪುಸ್ತಕ ಕೇಳುವ ಬದಲು ‘ಎಲ್ಲಿಯವರೆಗೆ ಬಂದಿರಿ?’ ಎಂದು ವಿಚಾರಿಸಿ. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಪುಸ್ತಕ. ಮತ್ತೆ ಸಿಗದ ಪ್ರತಿ, ಯಾರೋ ಕೈಯಾರೆ ಬರೆದುಕೊಟ್ಟ ಪ್ರತಿ ಇದ್ದರೆ ಅದನ್ನು ಬೇರೆ ಅರೆಯಲ್ಲಿಡಿ, ಕೇಳಿದವರನ್ನು ಅಲ್ಲೇ ಕೂತು ಓದಲು ಕರೆಯಿರಿ.