ನಿಮ್ಮ ಪ್ರಶ್ನೆ: ದಾರಿಯಲ್ಲೇ ಕಳೆದುಹೋಗುವ ವೋಲ್ಟೇಜ್

ಪ್ರಶ್ನೆ: ಮನೆಯಿಂದ ತೋಟದ ಬಾವಿಗೆ ನೂರು ಮೀಟರ್ ದೂರ. 1 ಎಚ್‌ಪಿ ಪಂಪ್. ಸ್ವಿಚ್ ಹಾಕಿದರೆ ಗುಂಯ್ ಅಂತ ಸದ್ದು ಮಾಡುತ್ತದೆ, ತಿರುಗುವುದಿಲ್ಲ. ಮನೆಯ ಬೋರ್ಡಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದೆ, 220 ವೋಲ್ಟ್. ಪಂಪ್ ಶೆಡ್ಡಿಗೆ ಹೋಗಿ, ಸ್ವಿಚ್ ಹಾಕುವ ಮೊದಲು ನೋಡಿದೆ, ಅಲ್ಲೂ 220. ವಯರ್ 1.5 ಸ್ಕ್ವೇರ್ (ಚದರ ಮಿಲಿಮೀಟರ್ ದಪ್ಪ), ತಾಮ್ರದ್ದೇ. ವೋಲ್ಟೇಜ್ ಸರಿ ಇದ್ದರೂ ಪಂಪ್ ಯಾಕೆ ಏಳುವುದಿಲ್ಲ?
– ಬ್ರಹ್ಮಾವರದ ಓದುಗರು

ಉತ್ತರ: ನೀವು ಅಳೆದದ್ದು ಸರಿ, ಅಳೆದ ಹೊತ್ತು ಮಾತ್ರ ಸರಿಯಿಲ್ಲ. ಸ್ವಿಚ್ ಹಾಕುವ ಮೊದಲು ಆ ವಯರಿನಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಹರಿಯದಿದ್ದರೆ ವೋಲ್ಟೇಜ್ ಕಡಿಮೆಯಾಗುವುದೂ ಇಲ್ಲ.

ನಿಮ್ಮ ತೋಟದ ಸ್ಪ್ರಿಂಕ್ಲರನ್ನೇ ನೆನಪು ಮಾಡಿಕೊಳ್ಳಿ. ಎತ್ತರದ ಟ್ಯಾಂಕಿನಿಂದ ಸಪೂರ ಪೈಪೊಂದು ತೋಟದ ಕೊನೆಯವರೆಗೆ ಹೋಗಿದೆ ಅಂತ ಇಟ್ಟುಕೊಳ್ಳಿ. ಕೊನೆಯ ಗೇಟ್ ವಾಲ್ವ್ ಮುಚ್ಚಿದ್ದಾಗ ಅಲ್ಲಿ ಪೂರ್ತಿ ಒತ್ತಡ ಇರುತ್ತದೆ. ವಾಲ್ವ್ ಬಿಟ್ಟು ನಾಲ್ಕು ಸ್ಪ್ರಿಂಕ್ಲರ್ ತಿರುಗಲು ಹೊರಟಾಗ ಒತ್ತಡ ಬಿದ್ದು ಹೋಗುತ್ತದೆ. ಟ್ಯಾಂಕಿನ ಎತ್ತರ ಬದಲಾಗಲಿಲ್ಲ, ಪೈಪೂ ಅದೇ, ನೀರು ಓಡಲು ಶುರುವಾಯಿತು ಅಷ್ಟೇ. ಆ ಒತ್ತಡವೇ ವೋಲ್ಟೇಜ್, ಓಡುವ ನೀರೇ ಕರೆಂಟ್, ಪೈಪ್ ಕೊಡುವ ತಡೆಯೇ ರೋಧ. ಪೈಪ್ ಉದ್ದವಾದಷ್ಟೂ ಸಪೂರವಾದಷ್ಟೂ ತಡೆ ಜಾಸ್ತಿ. ವಯರಿಗೂ ಹಾಗೆಯೇ.

ಈಗ ಲೆಕ್ಕ ಹಾಕೋಣ. ಸೂತ್ರ ಒಂದೇ: ಆಂಪಿಯರನ್ನು ಓಮ್‌ನಿಂದ ಗುಣಿಸಿದರೆ ವೋಲ್ಟ್. 1.5 ಸ್ಕ್ವೇರ್ ತಾಮ್ರದ ವಯರಿಗೆ ನೂರು ಮೀಟರಿಗೆ ಸುಮಾರು 1.2 ಓಮ್. ಇಲ್ಲಿ ತುಂಬಾ ಜನ ತಪ್ಪುತ್ತಾರೆ. ಕರೆಂಟ್ ಹೋಗುವುದಕ್ಕೊಂದು ವಯರ್, ವಾಪಸ್ ಬರುವುದಕ್ಕೊಂದು ವಯರ್, ಹಾಗಾಗಿ ನಿಮ್ಮದು ಇನ್ನೂರು ಮೀಟರ್, 2.4 ಓಮ್. ಪಂಪ್ ಓಡುವಾಗ 7 ಆಂಪಿಯರ್ ಎಳೆಯುತ್ತದೆ ಅಂತ ಹಿಡಿದರೆ 17 ವೋಲ್ಟ್ ದಾರಿಯಲ್ಲೇ ಹೋಯಿತು. ಇದನ್ನು ಪಂಪ್ ಹೇಗೋ ತಡೆದುಕೊಂಡೀತು. ನಿಜವಾದ ತೊಂದರೆ ಮೊದಲ ಒಂದೆರಡು ಸೆಕೆಂಡಿನದ್ದು. ನಿಂತಿರುವ ಮೋಟಾರ್ ಎದ್ದು ತಿರುಗಲು ಓಡುವಾಗಿನದಕ್ಕಿಂತ ನಾಲ್ಕೈದು ಪಟ್ಟು ಕರೆಂಟ್ ಕೇಳುತ್ತದೆ, ಅಷ್ಟೊಂದು ಕರೆಂಟ್ ಈ ವಯರಿನಲ್ಲಿ ಹೊರಟ ಕೂಡಲೇ ಮೋಟಾರಿನ ಬಾಯಿಗೆ ಸಿಗುವುದು 160–170 ವೋಲ್ಟ್ ಮಾತ್ರ (ವೋಲ್ಟೇಜ್ ಇಳಿದ ಹಾಗೆ ಮೋಟಾರ್ ಎಳೆಯುವ ಕರೆಂಟೂ ಸ್ವಲ್ಪ ಇಳಿಯುವುದರಿಂದ ಇನ್ನೂ ಕೆಳಗೆ ಬೀಳುವುದಿಲ್ಲ). ಮೋಟಾರಿನ ತಿರುಚುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ. ಅಂದರೆ ವೋಲ್ಟೇಜ್ ಮುಕ್ಕಾಲಾದರೆ ಬಲ ಮುಕ್ಕಾಲರ ಮುಕ್ಕಾಲು, ಅರ್ಧದ ಹತ್ತಿರಕ್ಕೆ ಬಂತು. ಅದಕ್ಕೇ ಗುಂಯ್ ಅನ್ನುತ್ತದೆ, ಏಳುವುದಿಲ್ಲ. ಹಾಗೆ ಬಿಟ್ಟರೆ ವೈಂಡಿಂಗ್ ಸುಟ್ಟುಹೋಗುತ್ತದೆ, ದಯವಿಟ್ಟು ಮತ್ತೆ ಮತ್ತೆ ಸ್ವಿಚ್ ಹಾಕಿ ನೋಡಬೇಡಿ.

ಒಂದೇ ಒಂದು ಸಲ, ಎಲೆಕ್ಟ್ರಿಷಿಯನ್ ಜೊತೆಗಿರುವಾಗ, ಮೀಟರನ್ನು ಪಂಪಿನ ಹತ್ತಿರವೇ ಇಟ್ಟುಕೊಂಡು ಸ್ವಿಚ್ ಹಾಕಿಸಿ. ಮುಳ್ಳು 160ಕ್ಕೆ ಬಿದ್ದರೆ ವಯರಿನಲ್ಲಿ ವೋಲ್ಟೇಜ್ ಕಳೆದುಹೋಗುತ್ತಿದೆ ಅಂತ ಅರ್ಥ. ಆದರೆ ಮೋಟಾರಿಗೆ ಮೊದಲ ತಳ್ಳು ಕೊಡುವ ಕೆಪಾಸಿಟರ್ ಹೋಗಿದ್ದರೂ, ಒಳಗೆ ಕಸ ಸಿಕ್ಕಿ ಬಿಗಿಯಾಗಿದ್ದರೂ ನಿಂತ ಮೋಟಾರ್ ಹೀಗೆಯೇ ತುಂಬಾ ಕರೆಂಟ್ ಎಳೆಯುತ್ತದೆ, ಅವೆರಡನ್ನೂ ಮೊದಲು ನೋಡಿಸಿ. 210 ಹಾಗೇ ನಿಂತೂ ಪಂಪ್ ಏಳದಿದ್ದರೆ ತೊಂದರೆ ವಯರಿನದ್ದಲ್ಲ, ಮೋಟಾರಿನದ್ದೋ ಅದರ ಕನೆಕ್ಷನ್ನಿನದ್ದೋ ಇರಬಹುದು. ಆಗ ವಯರ್ ಬದಲಾಯಿಸಲು ದುಡ್ಡು ಹಾಕಬೇಡಿ. ವಯರಿನದ್ದೇ ಅಂತಾದರೆ 4 ಸ್ಕ್ವೇರ್ ಹಾಕಿಸಿ. ಹೋಗಿ ಬರುವ ದಾರಿ ಎರಡೂ ಸೇರಿ ರೋಧ 1 ಓಮ್‌ಗಿಂತ ಕಡಿಮೆ ಬರುತ್ತದೆ. ಪಂಪ್ ಏಳುವಾಗಲೂ 200ರ ಹತ್ತಿರ ಸಿಗುತ್ತದೆ.

ಜಾಯಿಂಟ್‌ಗಳನ್ನೂ ನೋಡಿ. ನಮ್ಮ ಮನೆಯಲ್ಲಿ ಹೀಗೆಯೇ ಆಗಿತ್ತು. ವಯರ್ ದಪ್ಪದ್ದೇ ಇತ್ತು, ಆದರೆ ತೆಂಗಿನ ಮರದ ಹತ್ತಿರ ಟೇಪ್ ಸುತ್ತಿದ ಜಾಯಿಂಟೊಂದು ಮಳೆಗೆ, ಉಪ್ಪು ಗಾಳಿಗೆ ಹಸಿರು ಹಿಡಿದು ಕೂತಿತ್ತು. ಅಂಥ ಜಾಯಿಂಟಿನಲ್ಲಿ ಬರೀ 1 ಓಮ್ ಇದ್ದು 7 ಆಂಪಿಯರ್ ಹರಿದರೂ ಹುಟ್ಟುವ ಬಿಸಿ 49 ವಾಟ್, ಅಂದರೆ ಬೆಸುಗೆ ಹಾಕುವ 25 ವಾಟಿನ ಕಡ್ಡಿಯ ಎರಡರಷ್ಟು, ಅದೂ ಒಂದು ಬೆರಳಿನಷ್ಟು ಜಾಗದಲ್ಲಿ. ಟೇಪ್ ಕರಗಿ ಕಪ್ಪಾಗಿತ್ತು. ಬೆಂಕಿ ಹಿಡಿಯದೆ ಉಳಿದದ್ದೇ ಪುಣ್ಯ.

ನಿಮ್ಮ ಪ್ರಶ್ನೆ ನನಗೆ ಇಷ್ಟವಾಗಲು ಇನ್ನೊಂದು ಕಾರಣ ಉಂಟು. ಈ ಸೂತ್ರ ಹುಟ್ಟಿದ್ದೇ ವಯರಿನ ಉದ್ದ ಬದಲಾಯಿಸಿ ನೋಡಿದ್ದರಿಂದ. ಜರ್ಮನಿಯ ಗೇಯಾರ್ಗ್ ಓಮ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು. ಆ ಕಾಲದ ಬ್ಯಾಟರಿಗಳ ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲ. ಅದಕ್ಕೆ ಅವರು ಎರಡು ಬೇರೆ ಲೋಹಗಳನ್ನು ಜೋಡಿಸಿ, ಒಂದು ತುದಿ ಕುದಿಯುವ ನೀರಿನಲ್ಲಿ, ಇನ್ನೊಂದು ತುದಿ ಮಂಜುಗಡ್ಡೆಯಲ್ಲಿ ಇಟ್ಟು, ಅಲುಗದ ವೋಲ್ಟೇಜ್ ಪಡೆದರು. ಆಮೇಲೆ ಬೇರೆ ಬೇರೆ ಉದ್ದದ ತಂತಿ ಹಾಕಿ ಕರೆಂಟ್ ಎಷ್ಟು ಇಳಿಯಿತು ಅಂತ ನೋಡಿದರು. 1827ರಲ್ಲಿ ಅವರ ಪುಸ್ತಕ ಬಂತು. ನೀವು ಪಂಪ್ ಶೆಡ್ಡಿನಲ್ಲಿ ಮೀಟರ್ ಹಿಡಿದು ಕೇಳಿದ್ದೂ ಇದನ್ನೇ ಅಲ್ವಾ?

ಪಡುಬಿದ್ರಿ ಹತ್ತಿರದ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದಿಂದ ದೂರಕ್ಕೆ ಕರೆಂಟ್ ಕಳಿಸುವುದು 400 ಕಿಲೋವೋಲ್ಟಿನ ಲೈನಿನಲ್ಲಿ. ಅದಕ್ಕೂ ಇದೇ ಕಾರಣ. ವೋಲ್ಟೇಜ್ ಏರಿಸಿದರೆ ಅಷ್ಟೇ ಶಕ್ತಿಯನ್ನು ಕಡಿಮೆ ಆಂಪಿಯರಿನಲ್ಲಿ ಸಾಗಿಸಬಹುದು, ದಾರಿಯ ನಷ್ಟ ಕಡಿಮೆ.

ಪ್ರಶ್ನೆ: ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಕೊಡುತ್ತದೆ ಅಂತಾರೆ. ಅದರ ಎರಡೂ ತುದಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಮನೆಯ ಪ್ಲಗ್ ಬರೀ 16 ಆಂಪಿಯರಿನದ್ದು, ಅದು ಜೀವ ತೆಗೆಯುತ್ತದೆ. ಹಾಗಾದರೆ ಅಪಾಯ ಯಾವುದರದ್ದು, ವೋಲ್ಟೇಜಿನದ್ದಾ ಕರೆಂಟಿನದ್ದಾ?
– ಮಂಗಳೂರಿನ ಪಿಯುಸಿ ವಿದ್ಯಾರ್ಥಿನಿ

ಉತ್ತರ: ಪ್ಲಗ್ಗಿನ ಮೇಲಿನ 16 ಅಂದರೆ ಅದು ಅಷ್ಟು ಆಂಪಿಯರ್ ತಳ್ಳುತ್ತದೆ ಅಂತ ಅರ್ಥ ಅಲ್ಲ. ಅಷ್ಟರವರೆಗೆ ಬಿಸಿಯಾಗದೆ ತಡೆದುಕೊಳ್ಳುತ್ತದೆ ಅಂತ. ಎಷ್ಟು ಹರಿಯಬೇಕು ಅನ್ನುವುದು ಎದುರಿಗೆ ಏನಿದೆ ಅನ್ನುವುದರ ಮೇಲೆ ನಿಂತಿದೆ. 2000 ವಾಟಿನ ಗೀಸರ್ 9 ಆಂಪಿಯರಿನ ಹತ್ತಿರ ಎಳೆಯುತ್ತದೆ, ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿದರೆ ಒಂದು ಚೂರು.

ಕೈ ಇಟ್ಟಾಗ ಎದುರಿಗಿರುವುದು ನಮ್ಮ ದೇಹ. ಒಣ ಚರ್ಮದ ರೋಧ ಹತ್ತಾರು ಸಾವಿರ ಓಮ್. 50,000 ಅಂತ ಹಿಡಿಯಿರಿ. 12 ವೋಲ್ಟನ್ನು ಅದರಿಂದ ಭಾಗಿಸಿದರೆ ಕಾಲು ಮಿಲಿಆಂಪಿಯರ್. ಗೊತ್ತೇ ಆಗುವುದಿಲ್ಲ. ಬ್ಯಾಟರಿಗೆ ನೂರಾರು ಆಂಪಿಯರ್ ಕೊಡುವ ತಾಕತ್ತು ಇದೆ, ನಿಮ್ಮ ಚರ್ಮ ಬಿಡುವುದಿಲ್ಲ. ಆದರೆ ಅದೇ ತುದಿಗಳಿಗೆ ಸ್ಪಾನರ್ ಅಡ್ಡ ಬಿದ್ದರೆ ರೋಧ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಆಗ ಆ ನೂರಾರು ಆಂಪಿಯರ್ ನಿಜವಾಗಿಯೂ ಹರಿದು ಕಬ್ಬಿಣ ಕೆಂಪಗಾಗುತ್ತದೆ. ಉಂಗುರ, ಬಳೆ ತೆಗೆದಿಟ್ಟು ಬ್ಯಾಟರಿ ಕೆಲಸ ಮಾಡಿ ಅನ್ನುವುದು ಇದಕ್ಕೇ.

ಇನ್ನು ಮಳೆಗಾಲ ಅಂದುಕೊಳ್ಳಿ, ಜಡಿ ಮಳೆ, ಒದ್ದೆ ಕೈ, ಬರಿಗಾಲು, ಒದ್ದೆ ನೆಲ. ದೇಹದ ರೋಧ 1,000 ಓಮ್‌ನ ಆಸುಪಾಸಿಗೆ ಇಳಿಯಬಹುದು. 230 ವೋಲ್ಟ್ ಭಾಗಿಸು 1,000 ಅಂದರೆ 230 ಮಿಲಿಆಂಪಿಯರ್. ಹೃದಯದ ಬಡಿತ ಕೆಡಿಸಲು ಅದಕ್ಕಿಂತ ತುಂಬಾ ಕಡಿಮೆ ಸಾಕು. ದೇಹಕ್ಕೆ ಪೆಟ್ಟು ಕೊಡುವುದು ಹರಿಯುವ ಕರೆಂಟ್, ಅದನ್ನು ತಳ್ಳುವುದು ವೋಲ್ಟೇಜ್, ಎಷ್ಟು ಬಿಡಬೇಕು ಅಂತ ತೀರ್ಮಾನಿಸುವುದು ರೋಧ. ಮೂರರಲ್ಲಿ ಒಂದನ್ನು ಮಾತ್ರ ಆರಿಸಿ ಅಂದರೆ ಉತ್ತರ ಸಿಗುವುದಿಲ್ಲ. ಪರೀಕ್ಷೆಯಲ್ಲೂ ಹೀಗೇ ಬರೆಯಿರಿ.

ಪ್ರಶ್ನೆ: ಹೊಸ ಮನೆಗೆ ಅರ್ತಿಂಗ್ ಹಾಕಿಸಿದ್ದೇವೆ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕಿ ಅಂತ ಎಲೆಕ್ಟ್ರಿಷಿಯನ್ ಹೇಳಿದರು. ಗಿಡಕ್ಕೆ ಹಾಕಿದ ಹಾಗೆ ಯಾಕೆ?
– ಮಣಿಪಾಲದ ಗೃಹಿಣಿ

ಉತ್ತರ: ಅವರು ಸರಿಯಾಗಿ ಹೇಳಿದ್ದಾರೆ. ನಿಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ನೀರು ಕುಡಿದು ಕೂತಿರುತ್ತದೆ, ಏಪ್ರಿಲ್ ಹೊತ್ತಿಗೆ ಒಣಗಿ ಗಟ್ಟಿಯಾಗುತ್ತದೆ. ಒಣ ಮಣ್ಣಿನಲ್ಲಿ ಕರೆಂಟ್ ಸುಲಭವಾಗಿ ಇಳಿಯುವುದಿಲ್ಲ. ಗುಂಡಿಗೆ ಉಪ್ಪು, ಇದ್ದಿಲು ಹಾಕುವುದು ತೇವ ಉಳಿಯಲಿ, ರೋಧ ಇಳಿಯಲಿ ಅಂತ.

ಅರ್ತಿನ ರೋಧ 20 ಓಮ್‌ಗೆ ಏರಿದೆ ಅಂತ ಇಟ್ಟುಕೊಳ್ಳಿ. ಗ್ರೈಂಡರಿನ ಮೈಗೆ ಫೇಸ್ ತಾಗಿತು. 230 ಭಾಗಿಸು 20, ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್) ಇದನ್ನು ನೋಡಿ ಬೀಳುವುದಿಲ್ಲ, ಯಾಕೆಂದರೆ ಅದಕ್ಕೆ ಇದು ಮಾಮೂಲಿ ಲೋಡ್. ಗ್ರೈಂಡರಿನ ಮೈಯಲ್ಲಿ ವೋಲ್ಟೇಜ್ ಹಾಗೇ ನಿಂತಿರುತ್ತದೆ. ಹಾಗಾಗಿ ನೀರು ಹಾಕಿದರೆ ಮಾತ್ರ ಸಾಲದು, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯಾ ನೋಡಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಅಷ್ಟು ವ್ಯತ್ಯಾಸ ಕಂಡರೆ ಅದು ತಟ್ಟನೆ ಬೀಳುತ್ತದೆ. ಅದರ ಮೇಲೆ ‘ಟಿ’ ಅಂತ ಸಣ್ಣ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಬೀಳಲಿಲ್ಲ ಅಂದರೆ ಅವತ್ತೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.